ಒಂದು ಓಮ್ ಅಂದರೆ ಎಷ್ಟು? ತೋಟದ ಪಂಪು, ಬಚ್ಚಲ ಹೀಟರ್ ಅಳೆದು ತಿಳಿಯುವ ದಾರಿ

ನಮ್ಮ ತೋಟದ ಪಂಪು ಎರಡು ಬೇಸಿಗೆಯಲ್ಲಿ ಎರಡು ಸಲ ಸುಟ್ಟುಹೋಯಿತು. ಎರಡು ಸಲವೂ ಮೋಟಾರನ್ನು ಜೀಪಿಗೆ ಹಾಕಿಕೊಂಡು ಹೊಸನಗರದಿಂದ ಶಿವಮೊಗ್ಗಕ್ಕೆ ಹೋಗಿ ರಿವೈಂಡಿಂಗ್ (ಒಳಗಿನ ತಾಮ್ರದ ಸುರುಳಿ, ಅಂದರೆ ವೈಂಡಿಂಗ್, ಹೊಸದಾಗಿ ಸುತ್ತುವುದು) ಮಾಡಿಸಿಕೊಂಡು ಬಂದೆವು. ‘ಮೋಟಾರೇ ಸರಿಯಿಲ್ಲ, ಹೊಸದು ತಗೊಳ್ಳಿ’ ಅಂದರು ಅಂಗಡಿಯವರು. ಮೂರನೇ ಬೇಸಿಗೆ ಬರುವ ಮೊದಲು ಒಂದು ಸಣ್ಣ ಮಲ್ಟಿಮೀಟರ್ ಹಿಡಿದು ಮನೆಯಿಂದ ತೋಟದವರೆಗಿನ ಕೇಬಲ್ ಅಳೆದೆ. ತಪ್ಪು ಮೋಟಾರಿನದಾಗಿರಲಿಲ್ಲ. ದಾರಿಯಲ್ಲಿ ನಾಲ್ಕು ಓಮ್ ಕೂತಿತ್ತು.

ಆ ನಾಲ್ಕು ಓಮ್ ಅಂದರೆ ಏನು, ಅದು ಮೋಟಾರನ್ನು ಹೇಗೆ ಸುಟ್ಟಿತು ಅಂತ ಅರ್ಥವಾಗಲು ನನಗೆ ಸಾಕಷ್ಟು ದಿನ ಹಿಡಿಯಿತು. ಶಾಲೆಯಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡಿದ್ದೆವು. ಆದರೆ ಮೀಟರಿನಲ್ಲಿ 4 ಅಂತ ಕಂಡರೆ ಅದು ಜಾಸ್ತಿಯೋ ಕಡಿಮೆಯೋ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈ ಬರಹ. ಒಂದು ಅಭ್ಯಾಸ ಮಾತ್ರ ಮೊದಲೇ ಹೇಳುತ್ತೇನೆ: ಅಳೆಯುವ ಮೊದಲು ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಮೀಟರ್ ಮುಟ್ಟಿ. ಲೆಕ್ಕವಿಲ್ಲದೆ ಅಳೆದರೆ ಸಿಗುವುದು ಬರೀ ಅಂಕಿ.

ಹಂತ 1: ಅಬ್ಬಿ ನೀರಿನಿಂದ ಶುರು ಮಾಡಿ

ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿತ್ತು. ಒರತೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ಅದನ್ನು ವೋಲ್ಟೇಜ್ ಅಂದುಕೊಳ್ಳಿ. ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೋ ಅದು ಕರೆಂಟ್, ಅಂದರೆ ಆಂಪಿಯರ್. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ನೀರು ಕಡಿಮೆ. ಆ ತಡೆಯೇ ರೋಧ.

ತಂತಿಯ ಎರಡು ತುದಿಗೆ 1 ವೋಲ್ಟ್ ಕೊಟ್ಟಾಗ ಅದರಲ್ಲಿ 1 ಆಂಪಿಯರ್ ಹರಿದರೆ ಆ ತಂತಿಯ ರೋಧ 1 ಓಮ್. ಅದೇ 1 ಆಂಪಿಯರ್ ಹರಿಸಲು 50 ವೋಲ್ಟ್ ಬೇಕಾಯಿತು ಅಂದರೆ 50 ಓಮ್. ಅಂದರೆ ಮೀಟರಿನಲ್ಲಿ ಓಮ್ ಓದುವಾಗ ಮನಸ್ಸಿನಲ್ಲಿ ಹೀಗೆ ಓದಿ: ‘ಒಂದೊಂದು ಆಂಪಿಯರಿಗೆ ಇಷ್ಟು ವೋಲ್ಟ್ ತೆರಬೇಕು.’ ನನಗೆ ಓಮ್ ಅರ್ಥವಾದದ್ದು ಈ ಒಂದು ವಾಕ್ಯದಿಂದಲೇ.

ಪೈಪಿನ ಹೋಲಿಕೆ ಒಂದು ಕಡೆ ದಾರಿ ತಪ್ಪಿಸುತ್ತದೆ. ಪೈಪು ತುಂಡಾದರೆ ನೀರು ಹೊರಗೆ ಸುರಿಯುತ್ತದೆ. ತಂತಿ ತುಂಡಾದರೆ ಕರೆಂಟ್ ನಿಂತೇ ಹೋಗುತ್ತದೆ, ಏಕೆಂದರೆ ಅದು ಹೊರಟ ಕಡೆಗೇ ತಿರುಗಿ ಬರಲೇಬೇಕು. ಹೋಗುವ ತಂತಿ ಒಂದು, ಬರುವ ತಂತಿ ಒಂದು. ಕೇಬಲ್ ಲೆಕ್ಕ ಹಾಕುವಾಗ ಇದನ್ನು ಮರೆತು ಅರ್ಧ ಲೆಕ್ಕ ಹಾಕುವವರೇ ಜಾಸ್ತಿ.

ಈ ಅಳತೆಗೆ ಹೆಸರು ಬಂದದ್ದು ಜರ್ಮನಿಯ ಗೇಯಾರ್ಗ್ ಸಿಮೋನ್ ಓಮ್ ಅವರಿಂದ. ಅವರು ಹುಟ್ಟಿದ್ದು 1789ರಲ್ಲಿ, ಬೀಗ ಮಾಡುವವರ ಮನೆಯಲ್ಲಿ. ಶಾಲೆಯಲ್ಲಿ ಪಾಠ ಹೇಳುತ್ತಲೇ ಬೇರೆ ಬೇರೆ ಉದ್ದದ ತಂತಿ ಇಟ್ಟುಕೊಂಡು ಪ್ರಯೋಗ ಮಾಡಿದರು. ಆಗಿನ ಬ್ಯಾಟರಿಗಳ ಒತ್ತಡ ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು. ಅದಕ್ಕೆ ಎರಡು ಲೋಹ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟು ಏರಿಳಿತವಿಲ್ಲದ ಕರೆಂಟ್ ಪಡೆದರು. ಒತ್ತಡ ಸ್ಥಿರವಾದ ಮೇಲೆ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅವರ ಹೆಸರನ್ನೇ ಮಾನಕಕ್ಕೆ ಇಟ್ಟಿತು.

ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ಓಮ್ ಬೇಕಲ್ವಾ? ಮುಂದೆ ಅದಕ್ಕೆ ಪಾದರಸ ಬಳಸಿದರು. 1 ಚದರ ಮಿಲಿಮೀಟರ್ ದಪ್ಪದ, 106.3 ಸೆಂಟಿಮೀಟರ್ ಉದ್ದದ ಪಾದರಸದ ಕಂಬ, 0 ಡಿಗ್ರಿ ತಂಪಿನಲ್ಲಿ 1 ಓಮ್. ತಾಮ್ರದಲ್ಲಿ ಅದೇ 1 ಓಮ್ ಬೇಕೆಂದರೆ ಅಷ್ಟೇ ದಪ್ಪದ ತಂತಿ ಸುಮಾರು 58 ಮೀಟರ್ ಬೇಕು. ಒಂದು ಓಮ್ ಎಷ್ಟು ಅಂತ ಕಣ್ಣಿಗೆ ಕಟ್ಟಲು ಈ 58 ಮೀಟರ್ ಸಾಕು. ಈಗಿನ ಪ್ರಯೋಗಾಲಯಗಳಲ್ಲಿ ಪಾದರಸವಿಲ್ಲ. 1980ರಲ್ಲಿ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕಂಡುಹಿಡಿದ ಕ್ವಾಂಟಮ್ ಪರಿಣಾಮದಿಂದ ಸಿಗುವ 25812.807 ಓಮ್ ಎಂಬ ಅಂಕಿಗೆ ಹೋಲಿಸಿ ಉಳಿದದ್ದನ್ನೆಲ್ಲ ಅಳೆಯುತ್ತಾರೆ.

ಹಂತ 2: ಮನೆಯ ಸಾಮಾನಿಗೆ ಲೆಕ್ಕ ಹಾಕಿ

ಬೇಕಾದ ಸೂತ್ರ ಎರಡೇ. ರೋಧ = ವೋಲ್ಟೇಜ್ ÷ ಕರೆಂಟ್. ಹೀಟರ್, ಇಸ್ತ್ರಿ ಪೆಟ್ಟಿಗೆಯಂಥವುಗಳ ಮೇಲೆ ಕರೆಂಟ್ ಬರೆದಿರುವುದಿಲ್ಲ, ವ್ಯಾಟ್ ಬರೆದಿರುತ್ತದೆ. ಆಗ ರೋಧ = ವೋಲ್ಟೇಜ್ × ವೋಲ್ಟೇಜ್ ÷ ವ್ಯಾಟ್. ನಮ್ಮಲ್ಲಿ ಮನೆಗೆ ಬರಬೇಕಾದದ್ದು 230 ವೋಲ್ಟ್. 230ನ್ನು 230ರಿಂದ ಗುಣಿಸಿದರೆ 52,900. ಈ ಅಂಕಿ ನೆನಪಿಟ್ಟುಕೊಳ್ಳಿ, ಸಾಕು.

1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಗೆ 52,900 ÷ 1000, ಅಂದರೆ ಸುಮಾರು 53 ಓಮ್. ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟ್ ಹೀಟರ್ ಕಾಯಿಲ್‌ಗೆ 35. ಬಚ್ಚಲ 2000 ವ್ಯಾಟ್ ಗೀಸರ್‌ಗೆ 26. ವ್ಯಾಟ್ ಜಾಸ್ತಿಯಾದಷ್ಟೂ ಓಮ್ ಕಡಿಮೆ. ಮೊದಲ ಸಲ ಇದು ತಲೆಕೆಳಗಾಗಿ ಕಾಣುತ್ತದೆ. ‘ಜಾಸ್ತಿ ಬಿಸಿ ಅಂದರೆ ಜಾಸ್ತಿ ತಡೆ ಇರಬೇಕಲ್ಲ’ ಅನ್ನಿಸುತ್ತದೆ. ಆದರೆ ಹೊರಗಿನ ಒತ್ತಡ 230ರಲ್ಲೇ ನಿಂತಿರುವಾಗ, ತಡೆ ಕಡಿಮೆಯಾದರೆ ಕರೆಂಟ್ ಜಾಸ್ತಿ ಹರಿಯುತ್ತದೆ, ಶಾಖವೂ ಜಾಸ್ತಿ.

ಕಾಯಿಲ್ ಒಲೆಯ ಸುರುಳಿ ತುಂಡಾದಾಗ ತುದಿಯನ್ನು ಎಳೆದು ಸುತ್ತಿ ಮತ್ತೆ ಹಚ್ಚುವುದನ್ನು ನೋಡಿರುತ್ತೀರಿ. 53 ಓಮಿನ ಸುರುಳಿಯಲ್ಲಿ ಐದರಲ್ಲೊಂದು ಭಾಗ ಕಳೆದುಹೋದರೆ ಉಳಿಯುವುದು ಸುಮಾರು 42 ಓಮ್. ಅದೇ 1000 ವ್ಯಾಟ್ ಒಲೆ ಈಗ 1250 ವ್ಯಾಟ್ ಎಳೆಯುತ್ತದೆ. ಚೆನ್ನಾಗಿ ಕೆಂಪಾಗುತ್ತದೆ, ಬೇಗ ತುಂಡಾಗುತ್ತದೆ. ಇನ್ನು ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯಿತು ಅಂದುಕೊಳ್ಳಿ. ಓಮ್ ಹಾಗೇ ಇರುತ್ತದೆ. ಆದರೆ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯಿಂದ ಬರುವುದು ಆರುನೂರು ವ್ಯಾಟಿನಷ್ಟೇ. ಪೆಟ್ಟಿಗೆ ಕೆಟ್ಟಿಲ್ಲ, ಒತ್ತಡ ಇಳಿದಿದೆ.

ಹಂತ 3: ಮೀಟರನ್ನು ಪಳಗಿಸಿ

ದುಬಾರಿ ಮೀಟರ್ ಬೇಡ. ಓಮ್ ಭಾಗದಲ್ಲಿ 200, 2000, 20ಕೆ, 200ಕೆ, ಜೊತೆಗೆ ಮೆಗಾ ಓಮ್ ರೇಂಜ್ ಇದ್ದರಾಯಿತು. ಆ ಭಾಗವನ್ನು ಕುದುರೆ ಲಾಳದ ಹಾಗಿರುವ ಗ್ರೀಕ್ ಅಕ್ಷರ ಒಮೆಗಾದಿಂದ ಗುರುತಿಸಬಹುದು. ಕೆ ಅಂದರೆ ಸಾವಿರ, ಮೆಗಾ ಅಂದರೆ ಹತ್ತು ಲಕ್ಷ.

ಓಮ್ ಅಳೆಯುವಾಗ ಮೀಟರ್ ತನ್ನ ಒಳಗಿನ ಬ್ಯಾಟರಿಯಿಂದ ಸಣ್ಣ ಕರೆಂಟ್ ಕಳಿಸಿ ನೋಡುತ್ತದೆ. ಆಗ ಹೊರಗಿನ ಕರೆಂಟ್ ಒಳನುಗ್ಗಿದರೆ ಮೀಟರ್ ಹಾಳಾಗುತ್ತದೆ, ಕೈಗೂ ಅಪಾಯ. ಹಾಗಾಗಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಹೊರಗಿಡಿ. ತಪ್ಪಾಗಿ ವೈರಿಂಗ್ ಮಾಡಿದ ಬೋರ್ಡಿನಲ್ಲಿ ಸ್ವಿಚ್ ನ್ಯೂಟ್ರಲ್ (ಕರೆಂಟ್ ತಿರುಗಿ ಹೋಗುವ ತಂತಿ) ಮೇಲೆ ಕೂತಿರಬಹುದು, ಆಗ ಸ್ವಿಚ್ ಆಫ್ ಆದರೂ ಫೇಸ್ (ಕರೆಂಟ್ ಬರುವ ತಂತಿ) ಜೀವಂತವಾಗೇ ಇರುತ್ತದೆ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕೆಪಾಸಿಟರ್ ಇರುತ್ತದೆ. ಮೇನ್ ತೆಗೆದ ಮೇಲೂ ಅದು ಚಾರ್ಜ್ ಹಿಡಿದುಕೊಂಡಿರುತ್ತದೆ. ಅದನ್ನು ಖಾಲಿ ಮಾಡಲು ಗೊತ್ತಿರುವವರಿಂದ ಮಾಡಿಸಿ, ಆಮೇಲೆ ಕೈ ಹಾಕಿ.

ಈಗ ಮೀಟರಿನ ಎರಡು ಪ್ರೋಬ್‌ಗಳನ್ನು, ಅಂದರೆ ಲೋಹದ ತುದಿಯಿರುವ ವೈರುಗಳನ್ನು, ಒಂದಕ್ಕೊಂದು ಮುಟ್ಟಿಸದೆ ಹಿಡಿಯಿರಿ. ಎಡಬದಿಯಲ್ಲಿ ಒಂಟಿ 1 ಅಥವಾ ‘ಓಎಲ್’ ಅಂತ ಬರುತ್ತದೆ. ಅದರ ಅರ್ಥ 1 ಓಮ್ ಅಂತಲ್ಲ, ‘ಈ ರೇಂಜಿಗೆ ಮೀರಿದೆ, ದಾರಿಯೇ ಇಲ್ಲ’ ಅಂತ. ಪ್ರೋಬ್‌ಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಸೊನ್ನೆ ಬರುವುದಿಲ್ಲ, 0.3 ಅಥವಾ 0.4ರ ಹಾಗೆ ಏನೋ ಬರುತ್ತದೆ. ಅದು ಪ್ರೋಬ್ ವೈರಿನ ಸ್ವಂತ ರೋಧ. ಬರೆದಿಟ್ಟುಕೊಳ್ಳಿ. ಸಣ್ಣ ಓಮ್ ಅಳೆದಾಗಲೆಲ್ಲ ಇದನ್ನು ಕಳೆಯಬೇಕು.

ಇನ್ನೊಂದು ಆಟ ಇದೆ, ಮಕ್ಕಳಿಗೂ ತೋರಿಸಿ. ಬ್ಯಾಟರಿ ಮೀಟರನ್ನು ಮೆಗಾ ಓಮ್ ರೇಂಜಿಗೆ ಇಟ್ಟು ಎರಡು ಪ್ರೋಬ್ ತುದಿಗಳನ್ನು ಎರಡು ಬೆರಳಿನಲ್ಲಿ ಹಿಡಿಯಿರಿ. ಒಣಗಿದ ಕೈಯಾದರೆ ಲಕ್ಷಗಳಲ್ಲಿ ಬರುತ್ತದೆ. ಬೆರಳನ್ನು ನೀರಲ್ಲಿ ಅದ್ದಿ ಮತ್ತೆ ಹಿಡಿಯಿರಿ, ಅಂಕಿ ದಡದಡನೆ ಇಳಿಯುತ್ತದೆ. ಮೈಯೆಲ್ಲ ಒದ್ದೆಯಾಗಿ ಕಾಲು ಕೆಸರಲ್ಲಿದ್ದಾಗ ಮೈಯ ರೋಧ ಸಾವಿರ ಓಮಿನ ಆಸುಪಾಸಿಗೆ ಬರಬಹುದು. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್. ಪ್ರಾಣ ಹೋಗಲು ಅಷ್ಟು ಬೇಕಾಗಿಲ್ಲ. ಮಳೆಗಾಲದಲ್ಲಿ ಪಂಪಿನ ಸ್ವಿಚ್ಚಿಗೆ ಒದ್ದೆ ಕೈ ಹಾಕಬೇಡಿ ಅಂತ ಹಿರಿಯರು ಬೈಯುತ್ತಿದ್ದದ್ದರ ಹಿಂದಿನ ಲೆಕ್ಕ ಇದೇ. ಇದೇ ಕಾರಣಕ್ಕೆ ಅಳೆಯುವಾಗ ಲೋಹದ ತುದಿಯನ್ನು ಎರಡೂ ಕೈಯಿಂದ ಹಿಡಿಯಬಾರದು. ಹಿಡಿದರೆ ಸಾಮಾನಿನ ಜೊತೆ ನಿಮ್ಮ ಮೈಯೂ ಲೆಕ್ಕಕ್ಕೆ ಸೇರುತ್ತದೆ.

ಹಂತ 4: ಇಸ್ತ್ರಿ ಪೆಟ್ಟಿಗೆ, ಗೀಸರ್ ಅಳೆಯಿರಿ

200 ಓಮ್ ರೇಂಜ್. ಇಸ್ತ್ರಿ ಪೆಟ್ಟಿಗೆಯ ಪ್ಲಗ್‌ನ ಎರಡು ಸಣ್ಣ ಪಿನ್ನಿಗೆ ಪ್ರೋಬ್ ಮುಟ್ಟಿಸಿ, ಗುಂಡಿ ತಿರುಗಿಸಿ ಶಾಖ ಜಾಸ್ತಿಗೆ ಇಡಿ. 50ರ ಆಸುಪಾಸು ಬಂದರೆ ಕಾಯಿಲ್ ಚೆನ್ನಾಗಿದೆ. ಗೀಸರನ್ನೂ ಹೀಗೇ ಅಳೆಯಿರಿ, 26ರ ಆಸುಪಾಸು ಬರಬೇಕು. ಓಎಲ್ ಬಂದರೆ ಎಲ್ಲೋ ತುಂಡಾಗಿದೆ: ಕಾಯಿಲ್ ಇರಬಹುದು, ಥರ್ಮೋಸ್ಟಾಟ್ ಇರಬಹುದು, ಎಷ್ಟೋ ಸಲ ಪ್ಲಗ್ ಬುಡದಲ್ಲಿ ಮಡಚಿ ಮಡಚಿ ಮುರಿದ ವೈರ್ ಇರಬಹುದು. ಹೊಸ ಕಾಯಿಲ್ ತರುವ ಮೊದಲು ವೈರ್ ಒಂದನ್ನೇ ಅಳೆದು ನೋಡಿ.

ಹಳೆಯ ತಂತಿ ಬಲ್ಬು ಸಿಕ್ಕರೆ ಅದನ್ನೂ ಅಳೆಯಿರಿ. 100 ವ್ಯಾಟಿಗೆ ಲೆಕ್ಕ 529 ಓಮ್ ಅನ್ನುತ್ತದೆ, ಮೀಟರ್ 40ರ ಹತ್ತಿರ ತೋರಿಸುತ್ತದೆ. ಎರಡೂ ಸರಿ. ಉರಿಯುವಾಗ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಕಾಯುತ್ತದೆ, ಕಾದಂತೆ ಅದರ ರೋಧ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ತಣ್ಣಗಿದ್ದಾಗ ಒಮ್ಮೆಲೆ ನುಗ್ಗುವ ಕರೆಂಟಿನಿಂದಲೇ ಹಳೆ ಬಲ್ಬುಗಳು ಸ್ವಿಚ್ ಹಾಕಿದ ಗಳಿಗೆಯಲ್ಲಿ ಫಟ್ ಅಂತ ಹೋಗುತ್ತಿದ್ದದ್ದು. ಹೀಟರ್ ಕಾಯಿಲ್ಲಿನ ನೈಕ್ರೋಮ್ ಹಾಗಲ್ಲ, ಬಿಸಿಯಾದರೂ ಸ್ವಲ್ಪವೇ ಬದಲಾಗುತ್ತದೆ. ಅದಕ್ಕೇ ತಣ್ಣಗಿರುವಾಗ ಅಳೆದರೂ ನಂಬಬಹುದು. ಎಲ್‌ಇಡಿ ಬಲ್ಬನ್ನು ಹೀಗೆ ಅಳೆಯಲು ಹೋಗಬೇಡಿ, ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಅಂಕಿಗೆ ಅರ್ಥವಿಲ್ಲ.

ಹಂತ 5: ತೋಟದ ಕೇಬಲ್

ನಮ್ಮ ಕಡೆ ಮನೆ ಗುಡ್ಡದ ಮೇಲೆ, ತೋಟ ಕೆಳಗೆ, ಪಂಪು ಹಳ್ಳದ ಬದಿಯಲ್ಲಿ. ಕರೆಂಟ್ ಮನೆಯಿಂದಲೇ ಹೋಗಬೇಕು. ನಮ್ಮಲ್ಲಿ ಆ ದೂರ 200 ಮೀಟರ್. ಹಾಕಿದ್ದು ಅಂಗಡಿಯವರು ‘ಎರಡೂವರೆ ಎಂಎಂ’ ಅನ್ನುವ ತಾಮ್ರದ ಕೇಬಲ್, ಅಂದರೆ ಒಳಗಿನ ತಾಮ್ರದ ಅಡ್ಡಕೊಯ್ತ 2.5 ಚದರ ಮಿಲಿಮೀಟರ್.

ಲೆಕ್ಕ ಹೀಗೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಒಂದು ಮೀಟರಿಗೆ 0.0172 ಓಮ್. ಅಲ್ಯೂಮಿನಿಯಂ ಆದರೆ 0.028. ಹೋಗಿ ಬರುವ ಒಟ್ಟು ಉದ್ದ 400 ಮೀಟರ್. 0.0172 × 400 ÷ 2.5 = 2.75 ಓಮ್. ಉದ್ದದಿಂದ ಗುಣಿಸಿ, ದಪ್ಪದಿಂದ ಭಾಗಿಸಿ. ಅಷ್ಟೇ.

2.75 ಸಣ್ಣ ಅಂಕಿ ಅನ್ನಿಸುತ್ತದೆ ಅಲ್ವಾ? ‘ಒಂದೊಂದು ಆಂಪಿಯರಿಗೆ 2.75 ವೋಲ್ಟ್’ ಅಂತ ಓದಿ ನೋಡಿ. ನಮ್ಮ ಒಂದು ಎಚ್‌ಪಿ ಪಂಪು 8 ಆಂಪಿಯರ್ ಎಳೆಯುತ್ತದೆ. 22 ವೋಲ್ಟ್ ದಾರಿಯಲ್ಲೇ ಖರ್ಚು. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟಾರ್ ಇದರ ಹಲವು ಪಟ್ಟು ಎಳೆಯುತ್ತದೆ. 30 ಆಂಪಿಯರ್ ಅಂದುಕೊಂಡರೂ 80 ವೋಲ್ಟಿಗಿಂತ ಜಾಸ್ತಿ ಮಾಯ. ಆಗ ಮೋಟಾರ್ ಗುಂಯ್ ಅಂತ ಮೊರೆಯುತ್ತದೆ, ತಿರುಗುವುದಿಲ್ಲ. ತಿರುಗಿದರೂ ಕಡಿಮೆ ವೋಲ್ಟೇಜಿನಲ್ಲಿ ಅದೇ ನೀರನ್ನು ಎತ್ತಲು ಜಾಸ್ತಿ ಕರೆಂಟ್ ಎಳೆಯುತ್ತದೆ. ವೈಂಡಿಂಗ್ ಕಾಯುತ್ತದೆ, ಒಂದು ದಿನ ಸುಡುತ್ತದೆ.

ಅಳೆಯುವ ಕ್ರಮ: ಮೇನ್ ತೆಗೆದು ಫ್ಯೂಸ್ ಕಿತ್ತು ಜೇಬಲ್ಲಿಟ್ಟುಕೊಳ್ಳಿ. ಕೇಬಲ್ಲಿನ ಎರಡೂ ತುದಿಗಳನ್ನು ಬಿಡಿಸಿ, ಮನೆ ಕಡೆಯದ್ದನ್ನೂ ಪಂಪಿನ ಕಡೆಯದ್ದನ್ನೂ. ಪಂಪಿನ ತುದಿಯಲ್ಲಿ ಎರಡು ತಂತಿಗಳನ್ನು ಕೆರೆದು ಹೊಳಪು ಬರಿಸಿ ಬಿಗಿಯಾಗಿ ಹೊಸೆಯಿರಿ. ಮನೆಗೆ ಬಂದು ಈ ತುದಿಯ ಎರಡು ತಂತಿಗೆ ಪ್ರೋಬ್ ಒತ್ತಿ. ಅಳೆದಾದ ಮೇಲೆ ಆ ಹೊಸೆದ ತುದಿಯನ್ನು ಬಿಚ್ಚದೆ ಕರೆಂಟ್ ಹಾಕಬಾರದು. ಮರೆತುಹೋಗದಿರಲು ಮೇನ್ ಮೇಲೆ ಒಂದು ಬಟ್ಟೆ ಕಟ್ಟಿ.

ನನ್ನ ಚೀಟಿಯಲ್ಲಿ 2.75 ಅಂತ ಬರೆದಿತ್ತು. ಮೀಟರ್ 4.6 ತೋರಿಸಿತು. ಪ್ರೋಬಿನ 0.4 ಕಳೆದರೆ 4.2. ಲೆಕ್ಕಕ್ಕಿಂತ ಸುಮಾರು ಒಂದೂವರೆ ಓಮ್ ಜಾಸ್ತಿ. ತಾಮ್ರಕ್ಕೆ ಅಷ್ಟು ರೋಧ ತಾನಾಗಿ ಬರುವುದಿಲ್ಲ. ಕೇಬಲ್ ಹಿಡಿದು ನಡೆದೆ. ಅರ್ಧ ದಾರಿಯಲ್ಲಿ ಒಂದು ಅಡಿಕೆ ಮರದ ಬುಡದಲ್ಲಿ ಹಳೇ ಜಾಯಿಂಟ್ ಇತ್ತು, ಟೇಪ್ ಸುತ್ತಿದ್ದರು. ಬಿಚ್ಚಿದರೆ ತಾಮ್ರ ಹಸಿರುಗಟ್ಟಿತ್ತು, ಟೇಪಿನ ಒಳಮೈ ಕಪ್ಪಾಗಿತ್ತು. ಶಾಖದ ಲೆಕ್ಕ ಆಂಪಿಯರ್ × ಆಂಪಿಯರ್ × ಓಮ್. 8 × 8 × 1.5, ಅಂದರೆ 90 ವ್ಯಾಟಿಗೂ ಜಾಸ್ತಿ ಬಿಸಿ ಆ ಬೆರಳುದ್ದದ ಜಾಯಿಂಟಿನಲ್ಲಿ ಹುಟ್ಟುತ್ತಿತ್ತು. ಮಳೆಯಲ್ಲಿ ನೆನೆದು, ಬೇಸಿಗೆಯಲ್ಲಿ ಕಾದು, ಅದು ವರ್ಷ ವರ್ಷವೂ ಕೆಡುತ್ತಾ ಹೋಗಿತ್ತು. ಲೆಕ್ಕ ಮೊದಲೇ ಹಾಕದಿದ್ದರೆ ‘ಬರೀ ನಾಲ್ಕು ಓಮ್, ಪರವಾಗಿಲ್ಲ’ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ.

ಆಮೇಲೆ ಜಾಯಿಂಟಿಲ್ಲದ 6 ಚದರ ಮಿಲಿಮೀಟರ್ ಕೇಬಲ್ ಹಾಕಿಸಿದೆವು. ಲೆಕ್ಕ 1.15 ಓಮ್, ದಾರಿಯ ಖರ್ಚು 9 ವೋಲ್ಟ್. ಖರ್ಚು ಬಂತು, ನಿಜ. ಆದರೆ ಅದೇ ಹಳೇ ಮೋಟಾರ್ ಈಗಲೂ ಓಡುತ್ತಿದೆ.

ಹಂತ 6: ಮೋಟಾರಿನ ವೈಂಡಿಂಗ್

ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪಿನಿಂದ ಮೂರು ತಂತಿ ಮೇಲೆ ಬರುತ್ತವೆ. ಎರಡೆರಡರಂತೆ ಮೂರು ಸಲ ಅಳೆಯಿರಿ. ಮೂರು ಬೇರೆ ಬೇರೆ ಅಂಕಿ ಬರಬೇಕು, ಸಣ್ಣ ಎರಡನ್ನು ಕೂಡಿಸಿದರೆ ದೊಡ್ಡದು ಸಿಗಬೇಕು. ಹಾಗೆ ಕೂಡಿ ಬಂದರೆ ಒಳಗಿನ ಎರಡೂ ವೈಂಡಿಂಗ್ (ಸ್ಟಾರ್ಟ್ ಮಾಡುವುದು ಒಂದು, ಓಡಿಸುವುದು ಒಂದು) ತುಂಡಾಗಿಲ್ಲ ಅಂತ ತಿಳಿಯಬಹುದು.

ಇಲ್ಲಿ ಒಂದು ಎಚ್ಚರ. ವೈಂಡಿಂಗ್ 3 ಓಮ್ ಬಂತು ಅಂತ 230ನ್ನು 3ರಿಂದ ಭಾಗಿಸಿ ‘76 ಆಂಪಿಯರ್!’ ಅಂತ ಹೆದರಬೇಡಿ. ಮೀಟರ್ ಅಳೆಯುವುದು ಬರೀ ತಾಮ್ರದ ರೋಧ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಸುರುಳಿಯ ಕಾಂತಗುಣ ಅದಕ್ಕೆ ಬೇರೆಯೇ ತಡೆ ಒಡ್ಡುತ್ತದೆ, ತಿರುಗುವ ಮೋಟಾರ್ ಇನ್ನೂ ಜಾಸ್ತಿ ಒಡ್ಡುತ್ತದೆ. 230ನ್ನು ಓಮಿನಿಂದ ಭಾಗಿಸುವ ಲೆಕ್ಕ ಹೀಟರಿಗೆ ಸರಿ, ಮೋಟಾರಿಗೆ ನಡೆಯುವುದಿಲ್ಲ.

ಹಂತ 7: ಮಳೆಗಾಲದ ಮೆಗಾ ಓಮ್

ಇಲ್ಲಿಯವರೆಗೆ ಕರೆಂಟ್ ಹೋಗಬೇಕಾದ ದಾರಿ ಅಳೆದೆವು. ಅಲ್ಲಿ ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಇಲ್ಲವೇ ಲೆಕ್ಕದಷ್ಟು ಇರಬೇಕು. ಕರೆಂಟ್ ಹೋಗಬಾರದ ದಾರಿಯಲ್ಲಿ ಓಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ತಂತಿಗೂ ಗೀಸರಿನ ಲೋಹದ ಮೈಗೂ ನಡುವೆ, ಫೇಸಿಗೂ ನೆಲಕ್ಕೆ ಹೋಗುವ ಅರ್ತ್ ತಂತಿಗೂ ನಡುವೆ ಹತ್ತು ಲಕ್ಷ ಓಮಿಗಿಂತ, ಅಂದರೆ ಒಂದು ಮೆಗಾ ಓಮಿಗಿಂತ ಮೇಲೆ ಇರಬೇಕು.

ಆರಿದ್ರಾ ಮಳೆ ಹಿಡಿದು ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಗೋಡೆ ಬೆವರುತ್ತದೆ, ಸ್ವಿಚ್ ಬೋರ್ಡಿನ ಒಳಗೂ ತೇವ ಸೇರುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಸುಮ್ನೆ ಸುಮ್ನೆ ಬೀಳುತ್ತದೆ ಅಂತ ಕೆಲವರು ತೆಗೆಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 230ನ್ನು 0.03ರಿಂದ ಭಾಗಿಸಿ ನೋಡಿ, ಸುಮಾರು 7,700 ಓಮ್. ಲಕ್ಷಗಳಲ್ಲಿ ಇರಬೇಕಾದ ತಡೆ ಎಲ್ಲೋ ಏಳೆಂಟು ಸಾವಿರಕ್ಕೆ ಇಳಿದಿದೆ ಅಂತ ಅದು ಹೇಳುತ್ತಿದೆ. ಒಂದೊಂದೇ ಪ್ಲಗ್ ಕಿತ್ತು ನೋಡಿ. ಬಚ್ಚಲ ಗೀಸರ್, ಅಂಗಳದ ದೀಪ, ಪಂಪಿನ ಕೇಬಲ್, ಈ ಮೂರರಲ್ಲೊಂದು ಇರುವುದೇ ಹೆಚ್ಚು.

ಗೀಸರಿನ ಪ್ಲಗ್ ಕಿತ್ತು ಸಣ್ಣ ಪಿನ್ನಿಗೂ ಅರ್ತಿನ ದಪ್ಪ ಪಿನ್ನಿಗೂ ನಡುವೆ ಮೆಗಾ ಓಮ್ ರೇಂಜಿನಲ್ಲಿ ಅಳೆಯಿರಿ. ಕಡಿಮೆ ಅಂಕಿ ಬಂದರೆ ಕಾಯಿಲ್ ಒಡೆದು ನೀರು ಸೇರಿದೆ, ಬಳಸಬೇಡಿ. ಓಎಲ್ ಬಂದರೂ ಪೂರ್ತಿ ನಂಬುವಂತಿಲ್ಲ. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ನೋಡುತ್ತದೆ, ಕೆಲವು ಸೋರಿಕೆ 230ರ ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಅದಕ್ಕೆ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮೆಗ್ಗರ್ ಬೇಕು, ಅದು 500 ವೋಲ್ಟ್ ಹಾಕಿ ಪರೀಕ್ಷಿಸುತ್ತದೆ.

ಹಂತ 8: ಅರ್ತ್ ಗುಂಡಿ, ಬೇಸಿಗೆಯಲ್ಲಿ

ಇದು ಮಲ್ಟಿಮೀಟರಿನ ಕೆಲಸವಲ್ಲ. ನೆಲಕ್ಕೆ ಎರಡು ಗೂಟ ಹೊಡೆದು ಅಳೆಯುವ ಅರ್ತ್ ಟೆಸ್ಟರ್ ಬೇಕು, ಗೊತ್ತಿರುವವರನ್ನು ಕರೆಸಿ. ಆದರೆ ಬಂದ ಅಂಕಿಯನ್ನು ನೀವೇ ಓದಬೇಕು. ಅರ್ತ್ 20 ಓಮ್ ಇದೆ ಅಂದುಕೊಳ್ಳಿ. ಗೀಸರಿನ ಮೈಗೆ ಫೇಸ್ ತಗುಲಿದರೆ ನೆಲಕ್ಕೆ ಹರಿಯುವುದು 230 ÷ 20, ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬೀಳುವುದೇ ಇಲ್ಲ. ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. 2 ಓಮ್ ಇದ್ದರೆ ನೂರು ಆಂಪಿಯರ್ ದಾಟುವ ಲೆಕ್ಕ. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ತ್ ರೋಧವೂ ಸೇರಿಕೊಳ್ಳುವುದರಿಂದ ನಿಜಕ್ಕೆ ಅಷ್ಟು ಹರಿಯುವುದಿಲ್ಲ. ಅರ್ತ್ ಚೆನ್ನಾಗಿದ್ದರೂ ಆರ್‌ಸಿಸಿಬಿ ಬೇಕು ಅನ್ನುವುದು ಇದಕ್ಕೇ.

ಜುಲೈಯಲ್ಲಿ ನಮ್ಮ ನೆಲ ನೀರು ಕುಡಿದು ಕೂತಿರುತ್ತದೆ. ಆಗ ಯಾರ ಮನೆಯ ಅರ್ತ್ ಅಳೆದರೂ ಚೆನ್ನಾಗೇ ಬರುತ್ತದೆ. ಏಪ್ರಿಲ್ ಹೊತ್ತಿಗೆ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾದಾಗ ಅಳೆಯಿಸಿ, ಬರುವ ಅಂಕಿ ಎಷ್ಟೋ ಜಾಸ್ತಿ ಇರುತ್ತದೆ. ಅದನ್ನೇ ನಂಬಿ. ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ನಮ್ಮಲ್ಲಿ ಬಚ್ಚಲ ನೀರು ಹೋಗುವ ಕಡೆಯೇ ಗುಂಡಿ ತೆಗೆಸಿದ್ದೇವೆ.

ಅಳೆದದ್ದನ್ನೆಲ್ಲ ಮೇನ್ ಬೋರ್ಡಿನ ಬಾಗಿಲ ಒಳಮೈಯಲ್ಲಿ ತಾರೀಕಿನ ಜೊತೆ ಬರೆದಂಟಿಸಿ. ಮುಂದಿನ ವರ್ಷ ಅಳೆದಾಗ ಹೋಲಿಸಲು ಲೆಕ್ಕದ ಜೊತೆ ಹಳೆಯ ಅಂಕಿಯೂ ಸಿಗುತ್ತದೆ. ನಮ್ಮ ಬಾಗಿಲಲ್ಲಿ ಈಗ ಹೀಗಿದೆ: ತೋಟದ ಕೇಬಲ್ 1.2, ಗೀಸರ್ 26, ಇಸ್ತ್ರಿ ಪೆಟ್ಟಿಗೆ 52, ಪ್ರೋಬ್ 0.4 ಕಳೆದು ಬರೆದದ್ದು.